ಫೋಟೋದಲ್ಲಿ ಬಂದವರು ಯಾರು?

ಪ್ರಶ್ನೆ: ಸರ್, ದಿನವಿಡೀ ಹಳೇ ಮನೆ ಗುಡಿಸಿ, ಸಾಮಾನು ಸರಿಸಿ, ರಾತ್ರಿ ಎಲ್ಲರೂ ಕೂತು ಫೋಟೋ ತೆಗೆಸಿಕೊಂಡೆವು. ತಾತನ ತಲೆಯ ಹತ್ತಿರ ಬಿಳಿ ಬಿಳಿ ಗೋಳಗಳು ಬಂದಿವೆ. ಒಂದರಲ್ಲಿ ಮುಖ ಇದ್ದ ಹಾಗಿದೆ. ತೀರಿಹೋದ ಅಜ್ಜಿ ಬಂದಿದ್ದಾರೆ ಅಂತ ಮನೆಯವರೆಲ್ಲ ಹೇಳುತ್ತಿದ್ದಾರೆ. ಬರಿಗಣ್ಣಿಗೆ ಏನೂ ಕಂಡಿರಲಿಲ್ಲ. ಏನಿದು?

ಧೂಳು. ಉತ್ತರ ನಿಮ್ಮ ಪತ್ರದ ಮೊದಲ ಸಾಲಲ್ಲೇ ಇದೆ ನೋಡಿ. ಗುಡಿಸಿದ್ದೀರಿ, ಸಾಮಾನು ಸರಿಸಿದ್ದೀರಿ. ಎದ್ದ ಧೂಳು ರಾತ್ರಿಯಾದರೂ ಪೂರ್ತಿ ಕೆಳಗಿಳಿದಿರಲಿಲ್ಲ.

ಇಂಥ ಫೋಟೋ ಕೈಗೆ ಬಂದರೆ ‘ಕೋಣೆಯಲ್ಲಿ ಯಾರಿದ್ದರು’ ಅಂತ ನಾನು ಮೊದಲು ಕೇಳುವುದಿಲ್ಲ. ‘ಕ್ಯಾಮೆರಾ ಆಗ ಏನು ಮಾಡುತ್ತಿತ್ತು’ ಅಂತ ಕೇಳುತ್ತೇನೆ. ನಿಮ್ಮದರಲ್ಲಿ ಫ್ಲ್ಯಾಶ್ ಬಿದ್ದಿದೆ. ಫೋನಿನಲ್ಲೂ ಸಣ್ಣ ಕ್ಯಾಮೆರಾದಲ್ಲೂ ಫ್ಲ್ಯಾಶ್ ಲೆನ್ಸಿನ ಮಗ್ಗುಲಲ್ಲೇ ಇರುತ್ತದೆ. ಹಾಗಾಗಿ ಲೆನ್ಸಿನ ಎದುರಿಗೇ ತೇಲುವ ಕಣಕ್ಕೆ ಅದರ ಬೆಳಕು ಬಡಿದು ನೇರ ಲೆನ್ಸಿಗೆ ವಾಪಸ್ ಬರುತ್ತದೆ. ಸ್ವಲ್ಪ ಲೆಕ್ಕ ಹಾಕೋಣ. ಕಣ ಇರುವುದು 10 ಸೆಂಟಿಮೀಟರ್ ದೂರದಲ್ಲಿ, ತಾತ ಕೂತಿರುವುದು 3 ಮೀಟರ್ ದೂರದಲ್ಲಿ ಅಂದುಕೊಳ್ಳಿ. ತಾತ 30 ಪಟ್ಟು ದೂರ. ದೂರ ಎರಡು ಪಟ್ಟಾದರೆ ಬೆಳಕು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಆ ಲೆಕ್ಕದಲ್ಲಿ (30 × 30) ತಾತನ ಮುಖಕ್ಕಿಂತ ಆ ಕಣದ ಮೇಲೆ ಸುಮಾರು 900 ಪಟ್ಟು ಜಾಸ್ತಿ ಬೆಳಕು. ಅದು ಕಾಣದೆ ಇರುತ್ತದೆಯೇ?

ಗೋಳ ಯಾಕೆ ಅಂದರೆ, ಫೋಕಸ್ ಇರುವುದು ತಾತನ ಮೇಲೆ. ಅಷ್ಟು ಹತ್ತಿರದ ಚುಕ್ಕಿ ಹರಡಿಕೊಂಡು ದೊಡ್ಡ ಬಿಲ್ಲೆಯಾಗುತ್ತದೆ. ಆ ಬಿಲ್ಲೆಗೆ ಬರುವುದು ಲೆನ್ಸಿನ ಕಿಂಡಿಯ ಆಕಾರ, ಧೂಳಿನದ್ದಲ್ಲ. ಫೋನಿನ ಕಿಂಡಿ ದುಂಡಗಿರುವುದರಿಂದ ನಿಮಗೆ ಬಂದದ್ದೂ ದುಂಡಗೆ. ಆರು ಲೋಹದ ಎಲೆಗಳು (ಬ್ಲೇಡ್) ಸರಿದು ಕಿಂಡಿ ಮುಚ್ಚುವ ಹಳೇ ಲೆನ್ಸಿನಲ್ಲಿ ಕಿಂಡಿ ಕಿರಿದು ಮಾಡಿ ತೆಗೆದಿದ್ದರೆ ಗೋಳಕ್ಕೆ ಆರು ಮೂಲೆ ಇರುತ್ತಿತ್ತು. ಆತ್ಮಕ್ಕೆ ಆರು ಮೂಲೆ ಇರುತ್ತೆ ಅಂತ ಇದುವರೆಗೆ ಯಾರೂ ನನಗೆ ಹೇಳಿಲ್ಲ! ಇನ್ನು ಮುಖದ ವಿಷಯ. ಬಿಲ್ಲೆಯೊಳಗೆ ಸಣ್ಣ ಕಲೆಗಳು, ಉಂಗುರಗಳು ಇರುತ್ತವೆ. ಎರಡು ಕಲೆ, ಕೆಳಗೊಂದು ಗೆರೆ ಸಿಕ್ಕರೆ ಸಾಕು, ನಮ್ಮ ಕಣ್ಣು ಮುಖ ಮಾಡಿಬಿಡುತ್ತದೆ.

ನಂಬಿಕೆ ಬರದಿದ್ದರೆ ಅದೇ ಕೋಣೆಯಲ್ಲಿ ಹಳೇ ದಿಂಬೊಂದನ್ನು ಚೆನ್ನಾಗಿ ಬಡಿದು, ಅದೇ ಜಾಗದಿಂದ ಫ್ಲ್ಯಾಶ್ ಹಾಕಿ ತೆಗೆಯಿರಿ. ಆಮೇಲೆ ಫ್ಲ್ಯಾಶ್ ಆರಿಸಿ, ಫೋನನ್ನು ಸ್ಟೂಲಿನ ಮೇಲಿಟ್ಟು ತೆಗೆಯಿರಿ. ಆದರೆ ತಾತನ ಎದುರಿಗೆ ಈ ಪ್ರಯೋಗ ಬೇಡ. ಅವರಿಗೆ ಆ ಫೋಟೋ ಇಷ್ಟವಾಗಿದ್ದರೆ ಸುಮ್ನೆ ಪ್ರಿಂಟ್ ಹಾಕಿಸಿಕೊಡಿ.

ಪ್ರಶ್ನೆ: ರಾತ್ರಿ ಜಗಲಿಯಲ್ಲಿ ಫೋನಿನ ನೈಟ್ ಮೋಡ್‌ನಲ್ಲಿ ತೆಗೆದ ಫೋಟೋದಲ್ಲಿ ನನ್ನ ತಂಗಿ ಅರ್ಧ ಪಾರದರ್ಶಕವಾಗಿದ್ದಾಳೆ. ಮೈಯೊಳಗಿಂದ ಬಾಗಿಲು ಕಾಣುತ್ತದೆ! ಅವಳು ಹೆದರಿ ಜ್ವರ ಬರಿಸಿಕೊಂಡಿದ್ದಾಳೆ.

ತಂಗಿಗೆ ಧೈರ್ಯ ಹೇಳಿ. ಕ್ಯಾಮೆರಾ ಮುಗಿಸುವ ಮೊದಲೇ ಅವಳು ಅಲ್ಲಿಂದ ಎದ್ದಿದ್ದಾಳೆ, ಅಷ್ಟೇ. ನೈಟ್ ಮೋಡ್ ಅಂದರೆ ಒಂದು ಫೋಟೋ ಅಲ್ಲ. ಒಂದೆರಡು ಸೆಕೆಂಡು, ಕೆಲವೊಮ್ಮೆ ಇನ್ನೂ ಜಾಸ್ತಿ ಹೊತ್ತು, ಫೋನು ಹಲವು ಫೋಟೋ ತೆಗೆದು ಒಂದರ ಮೇಲೊಂದು ಕೂಡಿಸುತ್ತದೆ. ಅದರಲ್ಲಿ ಅರ್ಧ ಹೊತ್ತು ತಂಗಿ ಇದ್ದಳು, ಉಳಿದರ್ಧ ಹೊತ್ತು ಬಾಗಿಲು ಮಾತ್ರ ಇತ್ತು. ಎರಡೂ ಸೇರಿಕೊಂಡಿವೆ. ಕೂಡಿಸುವಾಗ ಫೋನು ತಪ್ಪಿದರೆ ಎರಡು ತಲೆ, ಕಾಣೆಯಾದ ಕೈ ಇವೂ ಬರುತ್ತವೆ.

ಇದು ಹೊಸ ಸಮಾಚಾರವೇನಲ್ಲ. 1838ರಲ್ಲಿ ಫೋಟೋಗ್ರಫಿಯ ಮೊದಲಿಗರಲ್ಲೊಬ್ಬನಾದ ಫ್ರಾನ್ಸಿನ ಡಾಗೇರ್ ಪ್ಯಾರಿಸ್ಸಿನ ಒಂದು ಬೀದಿಯ ಚಿತ್ರ ತೆಗೆದ. ಹಗಲು ಹೊತ್ತು, ಓಡಾಟವಿದ್ದ ಬೀದಿ. ಆದರೆ ಚಿತ್ರದಲ್ಲಿ ಬೀದಿ ಖಾಲಿ! ಎಕ್ಸ್‌ಪೋಷರ್, ಅಂದರೆ ಒಳಗೆ ಬೆಳಕು ಬೀಳುವ ಹೊತ್ತು, ನಿಮಿಷಗಟ್ಟಲೆ ಇದ್ದದ್ದರಿಂದ ನಡೆದಾಡುವವರು, ಗಾಡಿಗಳು ಎಲ್ಲ ಮಾಯ. ಬೂಟು ಪಾಲಿಶ್ ಮಾಡಿಸಿಕೊಳ್ಳಲು ಒಂದೇ ಕಡೆ ನಿಂತವನೊಬ್ಬ ಉಳಿದುಕೊಂಡ. 1860ರ ದಶಕದಲ್ಲಿ ಅಮೆರಿಕದ ವಿಲಿಯಂ ಮಮ್ಲರ್ ಅನ್ನುವವನು, ಕೂತವರ ಹಿಂದೆ ತೀರಿಹೋದವರ ಮಸುಕು ಆಕೃತಿ ಬರುವ ಫೋಟೋ ಮಾರಿ ಹಣ ಮಾಡಿದ. 1869ರಲ್ಲಿ ನ್ಯೂಯಾರ್ಕಿನಲ್ಲಿ ಅವನ ಮೇಲೆ ಕೇಸು ನಡೆಯಿತು. ಇಂಥ ಆಕೃತಿಯನ್ನು ಹೇಗೆಲ್ಲ ತರಬಹುದು ಅಂತ ಬೇರೆ ಫೋಟೋಗ್ರಾಫರುಗಳು ಸಾಕ್ಷಿ ಹೇಳಿದರು. ಅವನು ಮಾಡಿದ್ದು ಯಾವ ಬಗೆಯಲ್ಲಿ ಅಂತ ಸಾಬೀತಾಗದೆ ಬಿಡುಗಡೆಯಾದ. ಫೋಟೋ ತೊಳೆಯುವ ಕತ್ತಲೆ ಕೋಣೆಯಲ್ಲಿ (ಡಾರ್ಕ್‌ರೂಮ್) ಕೆಲಸ ಮಾಡಿದ ನನ್ನಂಥವನಿಗೆ ಅದರಲ್ಲಿ ಆಶ್ಚರ್ಯ ಕಾಣುವುದಿಲ್ಲ. ಒಂದೇ ನೆಗೆಟಿವ್ ಮೇಲೆ ಎರಡು ಸಲ ಬೆಳಕು ಬಿದ್ದರೆ ಸಾಕು.

ನಿಮ್ಮ ಫೋಟೋದ ವಿವರ ತೆರೆದು ಷಟರ್ ವೇಗ, ಅಂದರೆ ಕ್ಯಾಮೆರಾ ಎಷ್ಟು ಹೊತ್ತು ಬೆಳಕು ಹಿಡಿಯಿತು ಅನ್ನುವುದನ್ನು ನೋಡಿ. ಅಲ್ಲಿ ಅರ್ಧ ಸೆಕೆಂಡೋ ಒಂದು ಸೆಕೆಂಡೋ ಇದ್ದರೆ ವಿಚಾರ ಮುಗಿಯಿತು. ಮಾಮೂಲಿ ಮೋಡ್‌ನಲ್ಲಿ ತೆಗೆದ ಫೋಟೋ ಆಗಿದ್ದು, 1/60 ಸೆಕೆಂಡ್ ಅಂತ ತೋರಿಸಿದರೆ ನಾನು ಹುಡುಕುವುದು ಗಾಜನ್ನು. ಕಿಟಕಿ, ಬೀರು, ಗೋಡೆಯ ಚೌಕಟ್ಟು, ಯಾವುದರ ಗಾಜಿನಲ್ಲಿ ಯಾರು ಪ್ರತಿಫಲಿಸಿದ್ದಾರೆ ಅಂತ.

ಪ್ರಶ್ನೆ: ಬೀದಿದೀಪದ ಫೋಟೋ ತೆಗೆದರೆ ಪ್ರತಿ ಸಲವೂ ಆಕಾಶದಲ್ಲಿ ಹಸಿರು ಚುಕ್ಕಿ ತೇಲುತ್ತದೆ.

ಫೋಟೋದ ನಡುವಿಗೊಂದು ಗುರುತು ಹಾಕಿ. ದೀಪದಿಂದ ಅದರ ಮೂಲಕ ಗೆರೆ ಎಳೆಯಿರಿ. ಆಚೆ ಬದಿ ಅಷ್ಟೇ ದೂರದಲ್ಲಿ ಚುಕ್ಕಿ ಸಿಗುತ್ತದೆ, ಅಲ್ವಾ? ಲೆನ್ಸಿನ ಗಾಜುಗಳ ನಡುವೆ ದೀಪದ ಬೆಳಕು ಪುಟಿದು ಆದದ್ದು ಅದು. ಫೋನು ಅಲ್ಲಾಡಿಸಿದರೆ ದೀಪಕ್ಕೆ ಎದುರು ದಿಕ್ಕಿನಲ್ಲಿ ಓಡುತ್ತದೆ. ಬೆರಳಿನಿಂದ ದೀಪ ಮರೆಮಾಡಿದರೆ ಅದೂ ಮಾಯ.

ಪ್ರಶ್ನೆ: ರಾತ್ರಿ ಎರಡು ಗಂಟೆಗೆ ನಮ್ಮ ಸಿಸಿಟಿವಿಯಲ್ಲಿ ಬಿಳಿ ಹೊಗೆಯಂಥದ್ದು ಓಲಾಡುತ್ತದೆ.

ಜೇಡರಬಲೆ. ಕ್ಯಾಮೆರಾದ ಸುತ್ತ ಇರುವ ಇನ್‌ಫ್ರಾರೆಡ್ ದೀಪಗಳು ರಾತ್ರಿ ಉರಿಯುತ್ತವೆ. ನಮ್ಮ ಕಣ್ಣಿಗೆ ಆ ಬೆಳಕು ಹೆಚ್ಚುಕಡಿಮೆ ಕಾಣುವುದೇ ಇಲ್ಲ, ಕ್ಯಾಮೆರಾಗೆ ಕಾಣುತ್ತದೆ. ಲೆನ್ಸಿಗೆ ಅಂಟಿದ ಒಂದೇ ಒಂದು ಎಳೆ ಗಾಳಿಗೆ ಆಡಿದರೂ ಪರದೆಯಲ್ಲಿ ಹೊಗೆ. ಒಣ ಬಟ್ಟೆ ಕಟ್ಟಿದ ಕೋಲು ಸಾಕು.

ಫೋಟೋ ಕಳಿಸುವವರಲ್ಲಿ ಒಂದು ಕೋರಿಕೆ. ವಾಟ್ಸಾಪ್‌ನಲ್ಲಿ ಫೋಟೋವಾಗಿ ಕಳಿಸಬೇಡಿ, ಷಟರ್, ಫ್ಲ್ಯಾಶ್ ವಿವರವೆಲ್ಲ ಅಳಿಸಿಹೋಗುತ್ತದೆ. ಮೂಲ ಫೈಲನ್ನು ಡಾಕ್ಯುಮೆಂಟ್ ಆಗಿ ಕಳಿಸಿ. ಅದರ ಹಿಂದೆ ಮುಂದೆ ತೆಗೆದ ಫೋಟೋಗಳೂ ಇರಲಿ, ‘ಏನೂ ಬಂದಿಲ್ಲ’ ಅಂತ ನೀವು ಬಿಟ್ಟವೇ ನನಗೆ ಜಾಸ್ತಿ ಬೇಕಾದವು.