ಬಿಳಿ ಪುಡಿ, ಕಪ್ಪು ಕೋಟಿಂಗ್: ಯಾಕೆ ಹೀಗಾಗುತ್ತದೆ?

ಪ್ರಶ್ನೆ: ನಾವು ದಾವಣಗೆರೆಯ ಎಂಜಿನಿಯರಿಂಗ್ ವಿದ್ಯಾರ್ಥಿಗಳು. ಪ್ರಾಜೆಕ್ಟ್‌ಗೆ ಬೆಳಕಿಗೆ ಕೊಳೆ ಒಡೆಯುವ ಬಿಳಿ ಅನಟೇಸ್ (ಟೈಟಾನಿಯಂ ಡೈಆಕ್ಸೈಡ್‌ನ ಒಂದು ಹರಳು ರೂಪ) ಪುಡಿ ತಂದು ಸ್ಟೀಲ್ ಪ್ಲೇಟ್ ಮೇಲೆ ಪ್ಲಾಸ್ಮಾ ಸ್ಪ್ರೇ (ಅತಿ ಬಿಸಿ ಅನಿಲದಲ್ಲಿ ಕರಗಿಸಿ ಎರಚುವುದು) ಮಾಡಿಸಿದೆವು. ಕೋಟಿಂಗ್ ಕಪ್ಪಗಾಗಿದೆ. ಟೆಸ್ಟ್‌ಗೆಂದು ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣದ ನೀರಲ್ಲಿ ಹಾಕಿ ಬಿಸಿಲಿಗಿಟ್ಟರೂ ಬಣ್ಣ ಸರಿಯಾಗಿ ಹೋಗುತ್ತಿಲ್ಲ. ಪುಡಿ ಕಲಬೆರಕೆಯೇ?

ಉತ್ತರ: ಪ್ರಾಜೆಕ್ಟ್ ಕಾಲ ಬಂತು ಅಂದ್ರೆ ಈ ಪ್ರಶ್ನೆ ಬಂದೇ ಬರುತ್ತದೆ, ಎಲ್ಲರೂ ಪುಡಿ ಮಾರಿದವನನ್ನೇ ಬೈಯುತ್ತಾರೆ. ಆ ಪುಡಿ ಎಂಥ ಶಾಖ ದಾಟಿ ಬಂದಿದೆ ಅಂತ ಯೋಚಿಸಿದ್ದೀರಾ? ಪ್ಲಾಸ್ಮಾದ ನಡುವೆ 10,000 ಡಿಗ್ರಿಗೂ ಜಾಸ್ತಿ ಇರುತ್ತದೆ. ನಿಮ್ಮ ಪುಡಿ ಸುಮಾರು 1,840 ಡಿಗ್ರಿಗೇ ಕರಗುತ್ತದೆ. ಕರಗಿದ ಹನಿ ಪ್ಲೇಟಿಗೆ ಬಡಿದು, ಚಪ್ಪಟೆಯಾಗಿ, ಕಣ್ಣು ಮಿಟುಕಿಸುವುದರೊಳಗೆ ಗಟ್ಟಿಯಾಗುವಾಗ ಬಹುಪಾಲು ರೂಟೈಲ್ ಆಗಿಬಿಡುತ್ತದೆ, ಅಂದ್ರೆ ಅದೇ ಆಕ್ಸೈಡ್‌ನ ಇನ್ನೊಂದು ಹರಳು ರೂಪ, ಬೆಳಕಿಗೆ ಕೆಲಸ ಮಾಡುವುದರಲ್ಲಿ ಮಂದ. ಅನಟೇಸ್ ಉಳಿಯುವುದು ಹೆಚ್ಚಾಗಿ ಪೂರ್ತಿ ಕರಗದ ಕಣಗಳಲ್ಲಿ. ಇನ್ನು ಕಪ್ಪು ಬಣ್ಣ: ಆರ್ಗಾನ್ ಜೊತೆ ಹೈಡ್ರೋಜನ್ ಬಿಟ್ಟಿರುತ್ತಾರೆ, ಅದು ಆಕ್ಸೈಡ್‌ನಿಂದ ಒಂದಿಷ್ಟು ಆಕ್ಸಿಜನ್ ಕಿತ್ತುಕೊಳ್ಳುತ್ತದೆ, ಹಾಗಾಗಿ ಕಪ್ಪಾಗುತ್ತದೆ.

ಫರ್ನೇಸ್‌ನಲ್ಲಿ ಕಾಯಿಸಿದರೆ ಸರಿಹೋಗುತ್ತೆ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಗಾಳಿಯಲ್ಲಿ 400–500 ಡಿಗ್ರಿಗೆ ಕಾಯಿಸಿದರೆ ಆಕ್ಸಿಜನ್ ವಾಪಸ್ ಸೇರಿ ಬಣ್ಣ ತಿಳಿಯಾಗುತ್ತದೆ, ನಿಜ. ಆದರೆ ರೂಟೈಲ್ ಮತ್ತೆ ಅನಟೇಸ್ ಆಗಲ್ಲ. ಬಣ್ಣ ನಂಬಬೇಡಿ, ಎಕ್ಸ್‌ಆರ್‌ಡಿ (ಎಕ್ಸ್-ರೇ ಬಿಟ್ಟು ಹರಳಿನ ರೂಪ ಗುರುತಿಸುವ ಪರೀಕ್ಷೆ) ಮಾಡಿಸಿ. ಕಾಪರ್ ಟ್ಯೂಬ್ ಇರುವ ಯಂತ್ರದಲ್ಲಿ 25.3 ಡಿಗ್ರಿ ಕೋನದ ಹತ್ತಿರದ ಪೀಕ್ ಅನಟೇಸ್, 27.4 ಹತ್ತಿರದ್ದು ರೂಟೈಲ್. ಸ್ವಲ್ಪ ರೂಟೈಲ್ ಇದ್ದರೆ ಚಿಂತೆಯಿಲ್ಲ, ಬರೀ ಅದೇ ಇದ್ದರೆ ಕೆಲಸ ಮಂದ.

ಮುಂದಿನ ಸಲ ಹೈಡ್ರೋಜನ್ ಮತ್ತು ಪವರ್ ಎರಡನ್ನೂ ಇಳಿಸಿ ಅಂತ ಆಪರೇಟರ್‌ಗೆ ಹೇಳಿ. ತೀರಾ ಇಳಿಸಿದರೂ ಕಷ್ಟ, ಉಗುರಿನಲ್ಲಿ ಕೆರೆದರೆ ಉದುರುತ್ತದೆ. ನನ್ನನ್ನು ಕೇಳಿದರೆ ನ್ಯಾನೋ ಪುಡಿಯನ್ನು ನೀರಲ್ಲಿ ಕದಡಿ ಸಸ್ಪೆನ್ಷನ್ ಸ್ಪ್ರೇ ಮಾಡುವ ಕಡೆ ಹೋಗಿ. ಒಣ ನ್ಯಾನೋ ಪುಡಿಯನ್ನು ಮಾತ್ರ ಫೀಡರ್‌ಗೆ ಸುರಿಯಬೇಡಿ, ಗಂಟು ಕಟ್ಟಿ ಪೈಪ್ ಬ್ಲಾಕ್ ಆಗುತ್ತದೆ. ದಪ್ಪ ಕೋಟಿಂಗ್‌ಗೆ ಸುಮ್ನೆ ದುಡ್ಡು ಹಾಕಬೇಡಿ, ಬೆಳಕಿಗೆ ಕೆಲಸ ಮಾಡುವುದು ತೆಳುವಾದ ಮೇಲ್ಪದರ ಅಷ್ಟೇ.

ನಿಮ್ಮ ಟೆಸ್ಟ್ ಬಗ್ಗೆಯೂ ನನಗೆ ಅನುಮಾನವಿದೆ. ಕೋಟಿಂಗ್ ಇರುವ ಒಂದು ಪ್ಲೇಟನ್ನು ಬಣ್ಣದ ನೀರಲ್ಲಿ ಹಾಕಿ ಕತ್ತಲಲ್ಲೂ ಇಡಬೇಕು, ಕೋಟಿಂಗ್ ಇಲ್ಲದ ಬಣ್ಣದ ನೀರನ್ನು ಬಿಸಿಲಲ್ಲೂ ಇಡಬೇಕು. ಸಣ್ಣ ರಂಧ್ರಗಳಿರುವ ಕೋಟಿಂಗ್ ಬಣ್ಣವನ್ನು ಹೀರಿಕೊಳ್ಳುತ್ತದೆ, ಮೆಥಿಲೀನ್ ಬ್ಲೂ ಬೆಳಕಿಗೆ ತಾನಾಗಿಯೇ ಮಾಸುತ್ತದೆ. ಈ ಎರಡನ್ನೂ ಕಳೆಯದೆ ಗ್ರಾಫ್ ಹಾಕಿದರೆ ನಾನು ಒಪ್ಪಲ್ಲ.

ಪ್ರಶ್ನೆ: ಚಿತ್ರದುರ್ಗದ ನಮ್ಮ ಬೋರ್‌ವೆಲ್ ನೀರಿನ ಫ್ಲೋರೈಡ್ ಈ ಕೋಟಿಂಗ್‌ನಿಂದ ಹೋಗುತ್ತದೆಯೇ?

ಉತ್ತರ: ಇಲ್ಲ. ಬೆಳಕಿಗೆ ಒಡೆಯುವುದು ಸಾವಯವ ಕೊಳೆ, ಫ್ಲೋರೈಡ್‌ನಲ್ಲಿ ಒಡೆಯಲು ಏನೂ ಇಲ್ಲ. ಲೀಟರ್‌ಗೆ 1.5 ಮಿಲಿಗ್ರಾಂ ದಾಟಿದ್ದರೆ ಆ ನೀರು ಕುಡಿಯಬೇಡಿ, ಆರ್‌ಒ ಅಥವಾ ಆಕ್ಟಿವೇಟೆಡ್ ಅಲ್ಯುಮಿನಾ ಫಿಲ್ಟರ್ ಹಾಕಿಸಿ.

ಪ್ರಶ್ನೆ: ನೀರಿನ ಟ್ಯಾಂಕಿನ ಒಳಗೆ ‘ನ್ಯಾನೋ’ ಸ್ಪ್ರೇ ಹೊಡೆದರೆ ಪಾಚಿಯೇ ಕಟ್ಟಲ್ಲ ಅಂತಾರೆ?

ಉತ್ತರ: ಮುಚ್ಚಿದ ಟ್ಯಾಂಕಿನೊಳಗೆ ಬೆಳಕೆಲ್ಲಿದೆ? ಕತ್ತಲಲ್ಲೂ ಕೆಲಸ ಮಾಡುತ್ತದೆ ಅಂತ ಟೈಟಾನಿಯಂ ಕೋಟಿಂಗ್ ಮಾರುವವನು ಮೋಸಗಾರ. ಟ್ಯಾಂಕ್ ತೊಳೆಸಿ.

ಪ್ರಶ್ನೆ: ವೆಲ್ಡಿಂಗ್ ಶೆಡ್‌ನಲ್ಲೇ ಫ್ಲೇಮ್ ಗನ್ನಿಂದ ಈ ಕೋಟಿಂಗ್ ಮಾಡಬಹುದೇ?

ಉತ್ತರ: ಧೂಳು ಎಳೆಯುವ ಬೂತ್ ಮತ್ತು ಸರಿಯಾದ ಮಾಸ್ಕ್ ಇಲ್ಲದೆ ಬೇಡವೇ ಬೇಡ. ಉಸಿರಿಗೆ ಹೋಗುವ ಈ ಧೂಳು ಕ್ಯಾನ್ಸರ್ ತರಬಹುದಾದ ವಸ್ತುಗಳ ಪಟ್ಟಿಯಲ್ಲಿದೆ. ಮೂಗಿಗೆ ಕರ್ಚೀಫ್ ಕಟ್ಟಿಕೊಂಡರೆ ಏನೂ ತಡೆಯಲ್ಲ.