ಶಾಸಕರ ಪ್ರಶ್ನೆಗೆ ಗುತ್ತಿಗೆ ಕಂಪನಿ ಉತ್ತರಿಸಬೇಕೇ?

ಪ್ರಶ್ನೆ: ಸರ್ಕಾರಿ ನಿಗಮವೊಂದರ ಕಾಮಗಾರಿ ಹಿಡಿದ ಖಾಸಗಿ ಕಂಪನಿಯು ನಮ್ಮೂರಿನ ರಸ್ತೆ ಅಗೆದು ಪೈಪು ಹೂಳಿ, ಬರೀ ಮಣ್ಣು ಮುಚ್ಚಿ ಹೋಗಿದೆ. ನಿಗಮದ ಎಂಜಿನಿಯರು ಗುತ್ತಿಗೆದಾರರನ್ನು ಕೇಳಿ ಎನ್ನುತ್ತಾರೆ. ಅವರು ನಿಗಮದತ್ತ ಕೈ ತೋರಿಸುತ್ತಾರೆ. ಖಾಸಗಿ ಕಂಪನಿಯನ್ನು ಪ್ರಶ್ನಿಸುವ ಅಧಿಕಾರ ವಿಧಾನಸಭೆಗೆ ಇದೆಯೇ?
– ಕಾಫಿ ಬೆಳೆಗಾರರೊಬ್ಬರು, ಸಕಲೇಶಪುರ

ಉತ್ತರ: ಸದನದಲ್ಲಿ ಶಾಸಕರ ಪ್ರಶ್ನೆಗೆ ಉತ್ತರಿಸುವವರು ಸಚಿವರೇ ಹೊರತು ಕಂಪನಿಯಲ್ಲ. ಆದರೆ ಒಪ್ಪಂದಕ್ಕೆ ಸಹಿ ಹಾಕಿದ್ದು ನಿಗಮ, ಬಿಲ್ಲು ಪಾವತಿಸುವುದೂ ನಿಗಮ. ಅದರ ಷೇರು ಬಂಡವಾಳದಲ್ಲಿ ಸರ್ಕಾರದ ಪಾಲು ಶೇ 51ಕ್ಕೆ ಕಡಿಮೆಯಿಲ್ಲದಿದ್ದರೆ, 2013ರ ಕಂಪನಿ ಕಾಯ್ದೆಯ ಪ್ರಕಾರ ಅದು ಸರ್ಕಾರಿ ಕಂಪನಿ. ಅದರ ಲೆಕ್ಕಪರಿಶೋಧಕರನ್ನು ಸಿಎಜಿ (ಭಾರತದ ಮಹಾಲೇಖಪಾಲರು, ಸರ್ಕಾರಿ ಲೆಕ್ಕಗಳನ್ನು ಪರಿಶೋಧಿಸುವವರು) ನೇಮಿಸುತ್ತಾರೆ, ಅದರ ವಾರ್ಷಿಕ ವರದಿಯನ್ನು ವಿಧಾನಮಂಡಲದಲ್ಲಿ ಮಂಡಿಸಲೇಬೇಕು. ಶಾಸಕರೇ ಇರುವ ಸಾರ್ವಜನಿಕ ಉದ್ದಿಮೆಗಳ ಸಮಿತಿಯು ಅಧಿಕಾರಿಗಳನ್ನು ಕರೆಸಿ ಕಡತಗಳನ್ನು ತರಿಸಿಕೊಳ್ಳಬಲ್ಲದು. ಗುತ್ತಿಗೆದಾರರ ಕೆಲಸ ಸದನದ ಕಣ್ಣಿಗೆ ಬೀಳುವುದು ಬಹುತೇಕ ಈ ದಾರಿಯಿಂದಲೇ.

ಆದ್ದರಿಂದ ಶಾಸಕರಿಗೆ ಬರೆಯುವ ಮನವಿಯಲ್ಲಿ ಕಂಪನಿಯನ್ನು ದೂರಿ ಪುಟ ತುಂಬಿಸಬೇಡಿ. ‘ರಸ್ತೆ ಹಾಳಾಗಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?’ ಎಂಬ ಪ್ರಶ್ನೆಗೆ ‘ಬಂದಿದೆ’ ಎಂಬ ಒಂದೇ ಪದದ ಉತ್ತರ ಕೊಟ್ಟು ಇಲಾಖೆ ಕೈತೊಳೆದುಕೊಳ್ಳಬಹುದು. ಬದಲಿಗೆ, ರಸ್ತೆಯನ್ನು ಮೊದಲಿನ ಸ್ಥಿತಿಗೆ ತರುವ ಷರತ್ತು ಒಪ್ಪಂದದಲ್ಲಿದೆಯೇ, ಆ ಬಾಬ್ತಿಗೆ ಬಿಲ್ಲು ಆಗಿದೆಯೇ, ಮುಗಿದ ಕೆಲಸವನ್ನು ಅಳೆದು ಬರೆದಿಡುವ ಅಳತೆ ಪುಸ್ತಕದಲ್ಲಿ ಯಾವ ದಿನಾಂಕದಂದು ಏನು ನಮೂದಾಗಿದೆ, ಭದ್ರತಾ ಠೇವಣಿ ಇನ್ನೂ ನಿಗಮದಲ್ಲಿದೆಯೇ ಎಂದು ಚುಕ್ಕೆ ಗುರುತಿಲ್ಲದ, ಅಂದರೆ ಲಿಖಿತ ಉತ್ತರ ಬರುವ ಪ್ರಶ್ನೆಯ ಮೂಲಕ ಕೇಳಿಸಿ. ಸಚಿವರು ಸದನದಲ್ಲಿ ‘ದುರಸ್ತಿ ಮಾಡಿಸಲಾಗುವುದು’ ಎಂದರೆ ಅದು, ಸಚಿವರು ಕೊಟ್ಟ ಮಾತು ಈಡೇರಿತೇ ಎಂದು ನೋಡುವ ಸರ್ಕಾರಿ ಭರವಸೆಗಳ ಸಮಿತಿಯ ಪಟ್ಟಿಗೆ ಸೇರಬಹುದು. ಪತ್ರಿಕೆಗಳಲ್ಲಿ ಹೆಸರೇ ಕಾಣದ ಈ ಸಮಿತಿ, ನನ್ನ ದೃಷ್ಟಿಯಲ್ಲಿ, ಗದ್ದಲದ ಚರ್ಚೆಗಳಿಗಿಂತ ಹೆಚ್ಚು ಉಪಯುಕ್ತ.

ಖಾಸಗಿಯವರು ಪರಿಶೀಲನೆಯಿಂದ ಪೂರ್ತಿ ಹೊರಗಿದ್ದಾರೆಂದು ಅರ್ಥವಲ್ಲ. ತಂಪು ಪಾನೀಯಗಳಲ್ಲಿನ ಕೀಟನಾಶಕದ ಅಂಶವನ್ನು ಸಂಸತ್ತಿನ ಜಂಟಿ ಸಮಿತಿಯೇ 2003ರಲ್ಲಿ ಕೈಗೆತ್ತಿಕೊಂಡಿತ್ತು. ಸರ್ಕಾರದೊಂದಿಗೆ ವರಮಾನ ಹಂಚಿಕೊಳ್ಳುವ ಖಾಸಗಿ ದೂರಸಂಪರ್ಕ ಕಂಪನಿಗಳ ಲೆಕ್ಕವನ್ನು ಸಿಎಜಿ ಪರಿಶೀಲಿಸಬಹುದೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು. ನಿಮ್ಮ ಜಿಲ್ಲೆಯವರೇ ಆದ ಎ.ಟಿ. ರಾಮಸ್ವಾಮಿಯವರು ಅರಕಲಗೂಡಿನ ಶಾಸಕರಾಗಿದ್ದಾಗ ಅವರ ಅಧ್ಯಕ್ಷತೆಯ, ವಿಧಾನಮಂಡಲದ ಎರಡೂ ಸದನಗಳ ಜಂಟಿ ಸದನ ಸಮಿತಿ, ಬೆಂಗಳೂರು ನಗರ ಜಿಲ್ಲೆಯ ಸರ್ಕಾರಿ ಜಮೀನಿನ ಒತ್ತುವರಿಯನ್ನು 2007ರ ವರದಿಯಲ್ಲಿ ಬಯಲಿಗೆಳೆಯಿತು. ಆದರೂ ಸಮಿತಿ ಶಿಫಾರಸು ಮಾಡಬಲ್ಲದೇ ವಿನಾ ತಾನೇ ತೆರವು ಮಾಡಿಸಲಾರದು; ಆ ಕೆಲಸ ಆಡಳಿತದ್ದು.

ಪ್ರಶ್ನೆ: ನಮಗೆ ವಿದ್ಯುತ್ ಪೂರೈಸುವ ಮೆಸ್ಕಾಂ ಸರ್ಕಾರದ್ದೇ ಕಂಪನಿಯಾಗಿರುವಾಗ ವಿದ್ಯುತ್ ದರವನ್ನು ವಿಧಾನಸಭೆ ಏಕೆ ನಿಗದಿಪಡಿಸುವುದಿಲ್ಲ?
– ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: 2003ರ ವಿದ್ಯುತ್ ಕಾಯ್ದೆಯು ದರ ನಿಗದಿಯನ್ನು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗಕ್ಕೆ ಒಪ್ಪಿಸಿದೆ. ಯಾವುದೇ ವರ್ಗದ ಗ್ರಾಹಕರಿಗೆ ರಿಯಾಯಿತಿ ಕೊಡಬೇಕೆಂದರೆ ಸರ್ಕಾರ ಆ ಸಹಾಯಧನವನ್ನು ಮುಂಗಡವಾಗಿ ಭರಿಸಬೇಕು; ಆ ಹಣಕ್ಕೆ ಬಜೆಟ್‌ನಲ್ಲಿ ಒಪ್ಪಿಗೆ ಕೊಡುವಲ್ಲಿ ಸದನದ ಮಾತು ನಡೆಯುತ್ತದೆ. ಆಯೋಗದ ವಾರ್ಷಿಕ ವರದಿಯೂ ವಿಧಾನಮಂಡಲದ ಮುಂದೆ ಬರುತ್ತದೆ. ದರದ ಬಗೆಗಿನ ಆಕ್ಷೇಪಣೆಯನ್ನು ಮಾತ್ರ ಆಯೋಗದ ಸಾರ್ವಜನಿಕ ವಿಚಾರಣೆಯಲ್ಲೇ ಸಲ್ಲಿಸಬೇಕು. ಅಲ್ಲಿ ಶಾಸಕರೂ ನಿಮ್ಮಂತೆಯೇ ಒಬ್ಬ ಆಕ್ಷೇಪಣಾದಾರರು.