ಕ್ಯಾಶೆಲ್‌ಗೆ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿದ್ದ ಸೀಟು 1870ರಲ್ಲಿ ರದ್ದಾದದ್ದು ಯಾಕೆ?

ಒಂದೇ ಮಾತಿನಲ್ಲಿ ಹೇಳುವುದಾದರೆ, ಓಟಿಗೆ ದುಡ್ಡು ಹಂಚಿದ್ದಕ್ಕೆ.

ಕ್ಯಾಶೆಲ್ ಐರ್ಲೆಂಡಿನ ಟಿಪ್ಪರೆರಿ ಕೌಂಟಿಯ ಸಣ್ಣ ಊರು. 1801ರಲ್ಲಿ ಐರ್ಲೆಂಡ್ ಬ್ರಿಟನ್ನಿನೊಂದಿಗೆ ವಿಲೀನವಾದಾಗ 300 ಸೀಟುಗಳ ಐರಿಶ್ ಹೌಸ್ ಆಫ್ ಕಾಮನ್ಸ್ (ಐರ್ಲೆಂಡಿನದೇ ಸಂಸತ್ತಿನ ಕೆಳಮನೆ) ಮುಚ್ಚಿಹೋಯಿತು. ಲಂಡನ್ನಿನಲ್ಲಿ ಸಿಕ್ಕಿದ್ದು 100 ಸೀಟು. ಅದರಲ್ಲಿ ಒಂದು ಕ್ಯಾಶೆಲ್‌ನದು.

ಆದರೆ ಆ ಸೀಟು ಊರಿನ ಜನರ ಕೈಯಲ್ಲಿರಲಿಲ್ಲ, ಒಬ್ಬ ಧಣಿಯ ಹಿಡಿತದಲ್ಲಿತ್ತು. 1809ರಲ್ಲಿ, ಮುಂದೆ ಪ್ರಧಾನಿಯಾದ ರಾಬರ್ಟ್ ಪೀಲ್ 21ನೇ ವಯಸ್ಸಿಗೇ ಇಲ್ಲಿಂದ ಗೆದ್ದರು. ಮತದಾರರು ಬರೀ 24 ಮಂದಿ, ಎದುರಾಳಿ ಯಾರೂ ಇಲ್ಲ. ಸೀಟನ್ನು ಹಣ ಕೊಟ್ಟು ಕೊಡಿಸಿದವರು ಅವರ ತಂದೆ. ಆ ಕಾಲಕ್ಕೆ ಇದು ಮಾಮೂಲಿ ವ್ಯವಹಾರ.

1832ರ ಚುನಾವಣಾ ಸುಧಾರಣೆ ವರ್ಷಕ್ಕೆ 10 ಪೌಂಡ್ ಮೌಲ್ಯದ ಮನೆ ಅಥವಾ ಕಟ್ಟಡದಲ್ಲಿದ್ದವರಿಗೂ ಓಟು ಕೊಟ್ಟಿತು. ಎಡವಟ್ಟಾದದ್ದು ಇಲ್ಲೇ ಅನ್ನುವುದು ನನ್ನ ಅಭಿಪ್ರಾಯ. ಮತದಾರರು ಹೆಚ್ಚಿದರೂ ಕೊಳ್ಳಲಾಗದಷ್ಟು ಹೆಚ್ಚಲಿಲ್ಲ. ಮೊದಲು ಒಬ್ಬ ಧಣಿಗೆ ಹೋಗುತ್ತಿದ್ದ ಹಣ ಈಗ ಮನೆಮನೆಗೆ ಹೋಯಿತು. ಗುಪ್ತ ಮತದಾನ ಬಂದದ್ದು 1872ರಲ್ಲಿ. ಅಲ್ಲಿಯವರೆಗೆ ಎಲ್ಲರೆದುರು ಬಾಯಿಬಿಟ್ಟು ಹೆಸರು ಹೇಳಬೇಕಿತ್ತು, ಹಾಗಾಗಿ ದುಡ್ಡು ಕೊಟ್ಟವನಿಗೆ ಓಟು ಬಿತ್ತೋ ಇಲ್ಲವೋ ಅಲ್ಲೇ ಗೊತ್ತಾಗುತ್ತಿತ್ತು.

1868ರಲ್ಲಿ ಚುನಾವಣಾ ತಕರಾರುಗಳ ವಿಚಾರಣೆ ಸಂಸದರ ಸಮಿತಿಯಿಂದ ನ್ಯಾಯಾಧೀಶರ ಕೈಗೆ ಬಂತು. ಅದೇ ವರ್ಷದ ಕ್ಯಾಶೆಲ್ ಚುನಾವಣೆ ದುಡ್ಡು ಹಂಚಿದ್ದಕ್ಕೆ ಅಸಿಂಧುವಾಯಿತು. ಉಪಚುನಾವಣೆಯನ್ನೂ ಮಾಡಲಿಲ್ಲ, 1870ರ ಕಾಯ್ದೆ ಕ್ಯಾಶೆಲ್ ಮತ್ತು ಐರ್ಲೆಂಡಿನದೇ ಇನ್ನೊಂದು ಊರಾದ ಸ್ಲೈಗೋ ಎರಡರ ಸೀಟನ್ನೂ ಕಿತ್ತುಕೊಂಡಿತು.